ಹೊಂಗೆಯ ನೆತ್ತಿಯ ಸೀಗೆಕಾಯಿ

ಕಟ್ಟೆಮಳಲವಾಡಿ,
ಶುಕ್ರವಾರ

ಪ್ರೀತಿಯ ಮೀನಾ,

ದಿನವೂ ಫೋನಿನಲ್ಲಿ ಮಾತಾಡುವ ಗಂಡ ಕಾಗದ ಬರೆದನೆಂದರೆ ಏನೋ ಎಡವಟ್ಟು ಮಾಡಿಕೊಂಡಿದ್ದಾನೆ ಅಂತ ನಿನಗೆ ಗೊತ್ತಾಗಿಯೇ ಹೋಗುತ್ತದೆ. ಬೇಲಿಯ ಬಳ್ಳಿ ಈಗಿಲ್ಲ. ಹೋದ ವಾರ ನಾನೇ ಕಡಿದೆ.

ಮದುವೆಯಾದ ವರ್ಷ ನಿಮ್ಮಜ್ಜಿ ಕೊಟ್ಟ ಸಸಿಯನ್ನು ನೀನು ತವರೂರು ಕಂಪಲಾಪುರದಿಂದ ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ತಂದು ಬೇಲಿಯ ಹೊಂಗೆಮರದ ಬುಡಕ್ಕೆ ನೆಟ್ಟೆ. "ಸೀಗೆ ಕಣ್ರೀ. ನಮ್ಗೆ ಎಣ್ಮಗು ಆದ್ರೆ ಅದ್ರ ತಲೆಗೆ ಅಂಗಡೀದು ಬ್ಯಾಡ" ಅಂದೆ. ನಾನು, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ಎಲೆ ತಿರುವಿ, ಮುಳ್ಳು ನೋಡಿ, "ಇದು ಕಾಡುಸೀಗೆ, ತಲೆಗೆ ಬರಲ್ಲ. ನಿಮ್ಮಜ್ಜಿಗೆ ಕಣ್ಣು ಮಂಜು" ಅಂತ ನಕ್ಕೆ. ಅವತ್ತು ನೀನು ಊಟ ಮಾಡಲಿಲ್ಲ.

ನೀನು ಬಾಣಂತನಕ್ಕೆ ಹೋದ ಮೇಲೆ ಆ ಕೊಕ್ಕೆಮುಳ್ಳು ಬಾಗಿಲ ದಾರಿಗೇ ಚಾಚಿತು. ಮಗು ಬರುವ ಮನೆ ಅಂದುಕೊಂಡು ಮಚ್ಚು ಹಿಡಿದೆ. ಬುಡ ಕಡಿದು ಎಳೆದರೆ ಮರದ ನೆತ್ತಿಗೆ ಹಬ್ಬಿದ್ದ ಹಂಬೆಲ್ಲ ಕೆಳಗೆ ಬಿತ್ತು. ಅದರಲ್ಲಿ ಕಾಯಿಗಳಿದ್ದವು ಮೀನಾ! ಕಾಡುಸೀಗೆಯ ಕಾಯಾದರೆ ಪಟ್ಟಿಯ ಹಾಗೆ ತೆಳ್ಳಗಿರುತ್ತದೆ. ಇವು ದಪ್ಪ, ಬೀಜ ಬೀಜದ ನಡುವೆ ಹಿಸುಕಿದಂತೆ. ಎಳಸಾದರೂ ನೀರಲ್ಲಿ ಉಜ್ಜಿದರೆ ನೊರೆ ಬಂತು. ಬಿಸಿಲು ಹುಡುಕಿಕೊಂಡು ಹೋಗಿ ಅದು ನೆತ್ತಿಯಲ್ಲಿ ಕಾಯಿ ಬಿಟ್ಟಿತ್ತು. ನಾನು ಬುಡದಲ್ಲಿ ನಿಂತೇ ತೀರ್ಪು ಕೊಟ್ಟಿದ್ದೆ. ಬಲಿಯದ ಆ ಕಾಯಿಗಳು ಈಗ ಮುರುಟಿಹೋಗಿವೆ.

ನನ್ನ ಭಂಡತನ ಅಷ್ಟಕ್ಕೇ ನಿಲ್ಲಲಿಲ್ಲ. ಮೊನ್ನೆ ನೀನು "ಬಳ್ಳಿ ಎಂಗದೆ, ಕಾಯಿ ಬುಟ್ಟದಾ?" ಅಂತ ಕೇಳಿದಾಗ "ಗೊಂಚಲು ಗೊಂಚಲು" ಅಂದುಬಿಟ್ಟೆ. ಹಿಂದಿನಿಂದ ಅಜ್ಜಿ "ನಾನೇಳ್ನಿಲ್ವಾ!" ಅಂತ ಕೂಗಿದ್ದು ಕೇಳಿಸಿತು, ಎಷ್ಟು ಖುಷಿ ಆ ದನಿಯಲ್ಲಿ. ಮಾರನೆಯ ದಿನ ಹುಣಸೂರಿನಿಂದ ಸೀಗೆಕಾಯಿ ಕೊಂಡು ತಂದು, ನಮ್ಮ ಬೇಲಿಯದೆಂದು ಕಳಿಸಲು ಜಗಲಿಯಲ್ಲಿ ಹರವಿದೆ. ಅವ್ವ ನೋಡಿ, "ಅಂಗಡೀದು ಒಣಗೇ ಅದಲ್ಲ, ಯಾಕ್ಲಾ ಒಣಾಕ್ತೀಯ?" ಅಂದಳು. ನಾಚಿಕೆಯಿಂದ ಹಿಡಿಯಾದೆ. ಥೂ, ಹುಟ್ಟಿದ ಮಗಳಿಗೆ ಅಪ್ಪನ ಮೊದಲ ಕೊಡುಗೆ ಸುಳ್ಳಾಗಬೇಕೆ?

ಭಾನುವಾರ ಬರುತ್ತೇನೆ. ಅಜ್ಜಿಯ ಮುಂದೆ ನಾನೇ ಹೇಳುತ್ತೇನೆ, ನೀನು ನನ್ನ ಪರ ವಹಿಸಬೇಡ. ಅವರು ಮನಸ್ಸು ಮಾಡಿ ಇನ್ನೊಂದು ಸಸಿ ಕೊಟ್ಟರೆ ಈ ಸಲ ಬಸ್ಸಿನಲ್ಲಿ ನನ್ನ ಮಡಿಲಲ್ಲಿಟ್ಟುಕೊಂಡು ತರುತ್ತೇನೆ. ಅದು ಕಾಯಿ ಬಿಡುವ ಹೊತ್ತಿಗೆ ಮಗಳಿಗೆ ಜಡೆ ಬಂದಿರುತ್ತದೆ. ಅಲ್ಲಿಯವರೆಗೆ ಅವಳ ತಲೆಗೆ ಅಂಗಡಿಯದೇ. ಯಾರಿಂದ ಹೀಗಾಯಿತು ಅಂತ ಉಜ್ಜುವಾಗಲೆಲ್ಲ ಅವಳಿಗೆ ಹೇಳು.

ಮಗಳ ಕೂದಲು ಸೊಂಪಾಗಿ ಬೆಳೆಯಲಿ, ಬುದ್ಧಿ ಮಾತ್ರ ನಿನ್ನದೇ ಬರಲಿ.

ತಲೆ ತಗ್ಗಿಸಿ ಕೂತಿರುವ ನಿನ್ನ,
ರುದ್ರಸ್ವಾಮಿ