ಹಳ್ಳದ ತಿರುವಿನ ಹಸಿರು

ಕರಿಹಳ್ಳದ ದಂಡೆ,
ಫೆಬ್ರುವರಿ ಮೂವತ್ತು, 2190

ನಮ್ಮ ಸೀಮೆಯ ನೀರಿನ ನಕ್ಷೆಗೆ ಬಣ್ಣ ತುಂಬುತ್ತಿರುವವರೇ,

ನಿಮ್ಮ ಕಾಲದಲ್ಲಿ ಫೆಬ್ರುವರಿಗೆ ಮೂವತ್ತು ದಿನ ಇರಲಿಲ್ಲವಂತೆ. ತಿಂಗಳುಗಳನ್ನು ನಾವು ಸರಿಮಾಡಿಕೊಂಡಿದ್ದೇವೆ. ನಿಮ್ಮ ನಕ್ಷೆಯನ್ನು ತಿದ್ದಲು ಮಾತ್ರ ನಮಗೆ ಅಧಿಕಾರವಿಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಒರಟೆನಿಸಿದರೆ ಕ್ಷಮೆ ಕೇಳುವುದಿಲ್ಲ.

ನೀವು ಕಂಪ್ಯೂಟರಿನಲ್ಲಿ ಮಾಡುತ್ತಿರುವ ಆ ನಕ್ಷೆಯನ್ನು ನಾವು ಬಣ್ಣಪಟ ಎನ್ನುತ್ತೇವೆ. ಹಸಿರು ಇದ್ದಲ್ಲಿ ಕುಡಿಯುವ ನೀರು, ಕೆಂಪು ಇದ್ದಲ್ಲಿ ವಿಷ. ನಮ್ಮಲ್ಲಿ ಅದೇ ಕಾನೂನು. ಯಾವ ಮನೆಯವರು ಎಲ್ಲಿ ನೆಲೆಸಬೇಕು, ಯಾವ ಬಾವಿಯ ನೀರು ಕುಡಿಯಬೇಕು ಎಂಬುದನ್ನು ನೀರುಕಟ್ಟೆಯವರು, ಅಂದರೆ ನೀರು ಹಂಚುವ ಹಿರಿಯರು, ಪಟ ನೋಡಿಯೇ ಹೇಳುತ್ತಾರೆ. ನಮ್ಮ ಪಾಲಿಗೆ ಬಂದದ್ದು ಹಳ್ಳದ ತಿರುವಿನ ಹಸಿರು. ಕೊಡ ತುಂಬುವ ಮುನ್ನ ಪಟದ ಹಸಿರಿಗೆ ಕೈಮುಗಿಯುವುದು ನಮ್ಮ ಪದ್ಧತಿ. ನಾನೂ ಮುಗಿದೆ, ನನ್ನ ಮಗಳು ಹೊನ್ನವ್ವನೂ ಮುಗಿದಳು.

ಮೊದಲು ಅವಳ ಹಲ್ಲು ಕಂದಿದವು. ಆಮೇಲೆ ಕಾಲು ಸೊಟ್ಟಗಾದವು. ಬಾವಿಯ ನೀರು ಪರೀಕ್ಷಿಸಿದ ವೈದ್ಯೆ ಅದರಲ್ಲಿ ಫ್ಲೋರೈಡ್ ತುಂಬಿದೆ ಎಂದರು. ಹಿರಿಯರು ಒಪ್ಪಲಿಲ್ಲ, ಪಟ ಹಸಿರಿರುವಾಗ ನೀರು ಕೆಡುವುದು ಹೇಗೆ ಎಂದು ನನ್ನನ್ನೇ ಗದರಿದರು. ಸಿಟ್ಟಿಗೆ ನಾನು ಪಟದ ಮುಂದೆ ಕೂತು, ನೀವು ಪರೀಕ್ಷೆಗೆ ನೀರು ಹಿಡಿದ ಜಾಗದ ಚುಕ್ಕಿಗಳನ್ನು ಹುಡುಕಿದೆ. ಎಲ್ಲವೂ ಡಾಂಬರು ರಸ್ತೆಯ ಪಕ್ಕದಲ್ಲೇ. ಜೀಪು ನಿಂತಲ್ಲಿ, ಚಹಾ ಸಿಕ್ಕಲ್ಲಿ ಒಂದೊಂದು ಬಾಟಲಿ ತುಂಬಿಸಿದ್ದೀರಿ. ಹಳ್ಳದ ತಿರುವಿನ ಕಡೆ ಯಾರೂ ತಲೆ ಹಾಕಿಲ್ಲ. ಅತ್ತ ಒಂದು ಒಳ್ಳೆಯ ಬೋರು, ಇತ್ತ ಒಂದು ಒಳ್ಳೆಯ ಬೋರು. ನಡುವಿನ ನೆಲವನ್ನು ಯಂತ್ರ ಅಂದಾಜಿನ ಮೇಲೆ ಹಸಿರು ಮಾಡಿತು, ನೀವು ಕಣ್ಣುಮುಚ್ಚಿ ಒಪ್ಪಿಗೆ ಕೊಟ್ಟಿರಿ. ಜೀಪಿನಿಂದ ಇಳಿದು ಒಂದಿಷ್ಟು ನಡೆದಿದ್ದರೆ ನಿಮ್ಮಪ್ಪನ ಗಂಟೇನು ಹೋಗುತ್ತಿತ್ತು?

ಮೊನ್ನೆ ಹೊನ್ನವ್ವ ಕೇಳಿದಳು: "ಯವ್ವಾ, ಪಟದಾಗ ನೀರು ಚೊಲೋ ಐತಿ. ಹಂಗಾರ ತಪ್ಪು ನನ್ನ ಕಾಲಿಂದೇನು?"

ಅವತ್ತೇ ನಿಮಗೆ ಈ ಕಾಗದ ಬರೆಯಲು ನಿಶ್ಚಯಿಸಿದೆ.

ಮುಂದಿನ ತಿಂಗಳು ನನಗೆ ಇನ್ನೊಂದು ಮಗು ಹುಟ್ಟಲಿದೆ. ಅದಕ್ಕೂ ಕುಡಿಸಲು ಇರುವುದು ಇದೇ ಬಾವಿ. ಹಿಂದಕ್ಕೆ, ನಿಮ್ಮ ಕಾಲಕ್ಕೆ ಕಳಿಸುತ್ತಿರುವ ಈ ಕಾಗದ ನಿಮ್ಮ ಕೈ ಸೇರುವಾಗ ನಕ್ಷೆ ಇನ್ನೂ ಮುಗಿದಿರುವುದಿಲ್ಲ. ಕುರ್ಚಿ ಬಿಟ್ಟು ಎದ್ದೇಳಿ. ಹಳ್ಳದ ತಿರುವಿಗೆ ಹೋಗಿ ನೀರು ಹಿಡಿದು ನೋಡಿ. ಅಷ್ಟಕ್ಕೂ ಮೈ ಬಗ್ಗದಿದ್ದರೆ ಆ ಜಾಗಕ್ಕೆ ಬಣ್ಣ ಹಚ್ಚಬೇಡಿ. ಇಲ್ಲಿನ ನೀರು ಹೇಗಿದೆಯೋ ನಮಗೆ ಗೊತ್ತಿಲ್ಲ ಎಂದು ಬರೆಯಿರಿ. ಅಷ್ಟು ಬರೆದಿದ್ದರೆ ನನ್ನ ಮಗಳು ಇವತ್ತು ಓಡುತ್ತಿದ್ದಳು.

ಹೊನ್ನವ್ವನ ತಾಯಿ,
ದ್ಯಾಮವ್ವ