ಙಾಜು ಎಂದರೆ ನದಿ ಬರುವ ಕಡೆ

ಪ್ರೀತಿಯ ಮೇಡಂ,

ಮೈಸೂರಿನ ನಿಮ್ಮ ಧ್ವನಿಶಾಸ್ತ್ರದ ತರಗತಿಯಲ್ಲಿ ಮೊದಲ ದಿನವೇ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡಿರಿ, ನೆನಪಿದೆಯೇ? "ಬರೀಬೇಡ ನಸ್ರೀನ್, ಮೊದಲು ಬಾಯಿಗೆ ಕಲಿಸು. ಬಾಯಿ ಬಿಟ್ಟು ಬಣ್ಣಗೇಡಾದ್ರೆ ಆಗ್ಲಿ ಬಿಡೇ!" ಎಂದಿರಿ. ನನ್ನ ಅಂಗೈಯನ್ನು ನಿಮ್ಮ ಗಂಟಲ ಮೇಲಿಟ್ಟು, ಬೋರ್ನಿಯೋದಲ್ಲಿ ವರ್ಷಗಟ್ಟಲೆ ಇದ್ದು ಕಲಿತ ಭಾಷೆಯ ಹೆಸರು ಹೇಳಿದಿರಿ: ಙಾಜು. ನಾವು ಕಖಗಘದ ಕೊನೆಗೆ ಒಪ್ಪಿಸಿ ಮರೆತುಬಿಡುವ ಆ ಙ, ಅಲ್ಲಿ ಮಾತಿನ ಹೊಸ್ತಿಲಲ್ಲೇ ನಿಂತಿತ್ತು.

ಅಮೆರಿಕದ ಕ್ಯಾರಿಯಲ್ಲಿ ನಿಮ್ಮ ಮಗಳ ಮನೆಯ ಹಿತ್ತಲ ಡೆಕ್ ಮೇಲೆ ಚಹಾ ಕುಡಿಯುತ್ತಾ ಕೊನೆಯ ಸಲ ಹೇಳಿದ್ದೂ ಅದೇ ಪದವನ್ನೇ. "ಎಡ ಬಲ ಅನ್ನೋ ಪದ ಇದ್ರೂ ದಾರಿ ಹೇಳೋದು ನದಿ ನೋಡ್ಕೊಂಡು ಕಣೇ. ನದಿ ಬರೋ ಕಡೆ ಅಂದ್ರೆ ಙಾಜು. ಭಾಷೆ ಹೆಸರೂ ಅದೇ."

"ನಂಗೆ ಜಿಪಿಎಸ್ ಇಲ್ದೆ ಗ್ರೋಸರಿ ಸ್ಟೋರೂ ಸಿಗಲ್ಲ ಮೇಡಂ" ಎಂದು ನಕ್ಕಿದ್ದೆ. ಆಮೇಲೆ ಕೋವಿಡ್ ಬಂತು, ನೀವು...

ಹೋದ ತಿಂಗಳು ಇಲ್ಲಿ ನಮ್ಮ ಕೊಲಂಬಿಯಾ ಊರಿನಲ್ಲಿ ನಾನು ಸ್ಪೀಚ್ ಥೆರಪಿ ಮಾಡುವ ಕ್ಲಿನಿಕ್ಕಿಗೆ ಒಬ್ಬ ಅಜ್ಜಿ ಬಂದರು. ಸ್ಟ್ರೋಕ್ ಆಗಿ ಮಾತು ನಿಂತಿತ್ತು. ಮಗ ಇಂಡೋನೇಷ್ಯನ್ ಭಾಷೆಯಲ್ಲಿ ಎಡಗೈ ಎತ್ತು, ಬಲಗೈ ಎತ್ತು ಎಂದರೆ ಮಿಕಿಮಿಕಿ ನೋಡುತ್ತಿದ್ದರು. ಏನೂ ಅರ್ಥವಾಗುತ್ತಿಲ್ಲವೆಂದು ನಾನು ವರದಿ ಬರೆದರೆ ಥೆರಪಿ ಅಲ್ಲಿಗೇ ನಿಲ್ಲುತ್ತಿತ್ತು. "ಅಮ್ಮನಿಗೆ ನಾನ್ಯಾರು ಅಂತಾದ್ರೂ ಗೊತ್ತಾಗುತ್ತಾ?" ಎಂದು ಮಗ ಕಣ್ಣೊರೆಸಿಕೊಂಡ. ಅವರು ಹುಟ್ಟಿದ್ದೆಲ್ಲಿ ಎಂದು ಕೇಳಿದೆ. ಬೋರ್ನಿಯೋ, ಕಹಾಯನ್ ನದಿಯ ದಡ, ಎಂದ. ಅಲ್ಲಿನ ಭಾಷೆ ಅವನಿಗೆ ಬಾರದು. ಮೇಡಂ, ನೀವು ಙಾಜು ಕಲಿತದ್ದು ಅದೇ ನದಿಯ ದಡದಲ್ಲಲ್ಲವೇ?

ಅಜ್ಜಿಯ ಅಂಗೈಯನ್ನು ನನ್ನ ಗಂಟಲ ಮೇಲಿಟ್ಟುಕೊಂಡೆ. "ಙಾಜು?" ಎಂದೆ.

ಅಜ್ಜಿ ಕಣ್ಣರಳಿಸಿದರು. ನಿಧಾನವಾಗಿ ಕೈ ತೆಗೆದು, ಕಿಟಕಿಯಿಂದ ಪಾರ್ಕಿಂಗ್ ಲಾಟ್‌ನ ಆಚೆಗೆ ತೋರಿಸಿದರು. ಮಗ ಫೋನಿನಲ್ಲಿ ಮ್ಯಾಪ್ ತೆಗೆದ. ಇಲ್ಲಿನ ಪಟಕ್ಸೆಂಟ್ ನದಿ ಆ ಕಡೆಯಿಂದಲೇ ಇಳಿದು ಬರುತ್ತದೆ! ಸ್ಟ್ರೋಕ್‌ಗೆ ಮೊದಲು ಪ್ರತಿ ಭಾನುವಾರ ಅಮ್ಮನನ್ನು ಅದರ ದಡಕ್ಕೆ ವಾಕಿಂಗ್ ಕರೆದೊಯ್ಯುತ್ತಿದ್ದನಂತೆ. ಇಷ್ಟು ವರ್ಷ ಅದೇ ನದಿಯ ಸೇತುವೆ ಮೇಲೆ ಡ್ರೈವ್ ಮಾಡುವ ನನಗೆ ನೀರು ಯಾವ ಕಡೆ ಹರಿಯುತ್ತದೆಂದು ತಿಳಿದಿತ್ತೇ? ಮಾತೇ ಇಲ್ಲದ ಆ ತಲೆಯೊಳಗೆ ಒಂದು ನದಿ ದಿಕ್ಕು ತಪ್ಪದೆ ಹರಿಯುತ್ತಿತ್ತಲ್ಲ ಮೇಡಂ! ನಾನು ಅವರೆದುರೇ ಅತ್ತುಬಿಟ್ಟೆ.

ಥೆರಪಿ ನಿಲ್ಲಲಿಲ್ಲ. ನಿನ್ನೆ ಅಜ್ಜಿ ತಾವಾಗಿಯೇ ನನ್ನ ಕೈ ಹಿಡಿದು, ಥೇಟ್ ನಿಮ್ಮ ಹಾಗೆ, ತಮ್ಮ ಗಂಟಲ ಮೇಲಿಟ್ಟುಕೊಂಡರು. ಮಗ ಎದ್ದು ಪಕ್ಕಕ್ಕೇ ಬಂದು ನಿಂತ. ಮೊದಲು ನನ್ನ ಅಂಗೈಗೆ ಗೊತ್ತಾಯಿತು, ಆಮೇಲೆ ಕಿವಿಗೆ. ಬಂತು ಮೇಡಂ, ನಿಮ್ಮ ಙ ಬಂತು.

ನಿಮ್ಮ ನಸ್ರೀನ್