ಎಡಗೈಗೊಂದು ಕೆಲಸ

ದಮನ್‌ಹೂರ್, ಭಾನುವಾರ

ಪ್ರೀತಿಯ ವಗ್ದಿ ಅಣ್ಣ,

ಬೆಳಿಗ್ಗೆ ಚಹಾ ಕೊಡುವಾಗ ನೋಡಿದೆ, ಅಪ್ಪನ ಎಡಗೈ ಉಗುರುಗಳು ಬೆಳೆದಿವೆ. ಊದ್ ವಾದ್ಯ ನುಡಿಸುವವರು ತಂತಿ ಒತ್ತುವ ಕೈಯ ಉಗುರನ್ನು ಬೆಳೆಯಲು ಬಿಡುವುದಿಲ್ಲ. ಪಾರ್ಶ್ವವಾಯು ಬಡಿದು ಆ ಕೈ ಸೋತ ಮೇಲೂ ಅವರು ತಪ್ಪದೆ ಕತ್ತರಿಸಿಕೊಳ್ಳುತ್ತಿದ್ದರು. ಈಗ ಬಿಟ್ಟಿದ್ದಾರೆ. ನನಗೆ ಭಯವಾಗುತ್ತಿದೆ.

ಮೊನ್ನೆ ನನ್ನ ಟ್ಯಾಬ್ಲೆಟ್‌ನಲ್ಲಿರುವ ಊದ್ ದನಿಯನ್ನು ಬೆರಳಿಂದ ಮುಟ್ಟಿ ನೋಡಿ, "ಎರಡು ಸ್ವರದ ನಡುವೆ ಇರೋದನ್ನೆಲ್ಲ ನಿನ್ನ ಈ ತಟ್ಟೆ ನುಂಗಿಬಿಟ್ಟಿದೆ ಕಣೇ, ಎಷ್ಟು ಹಸಿವು ಇದಕ್ಕೆ!" ಎಂದು ನಕ್ಕರು. ತಿಂಗಳುಗಳ ನಂತರದ ನಗು. ಅದಕ್ಕೇ ಟ್ಯಾಬ್ಲೆಟ್‌ನ ದನಿಯನ್ನು ಕೀಲಿ ಒತ್ತಿ ನುಡಿಸಲು ನಿನ್ನ ಅಂಗಡಿಯ ಮಿಡಿ ಕೀಬೋರ್ಡ್ ಕೇಳಿದ್ದು.

"ಗುಂಡಿ ಒತ್ತಿದ್ರೆ ನಡುವಿನ ಕಾಲು ಸ್ವರ ತಾನೇ ಬರುತ್ತೆ ಪುಟ್ಟಿ, ಅದನ್ನೇ ತಗೋ. ಚಿಕ್ಕಪ್ಪಂಗೆ ಒಂದು ಕೈ ಸಾಕು" ಎಂದೆ ನೀನು. ಅಪ್ಪ ಪಕ್ಕದಲ್ಲೇ ಕುಳಿತಿದ್ದರು, ಅದಕ್ಕೇ ಫೋನಿನಲ್ಲಿ ಹೇಳದೆ ಹೀಗೆ ಬರೆಯುತ್ತಿದ್ದೇನೆ.

ಅದು ಬೇಡ ಅಣ್ಣ. ಎಡಬದಿಯಲ್ಲಿ ಸ್ಪರ್ಶಪಟ್ಟಿ ಇರುವುದನ್ನು ಕಳಿಸು. ಬಲಗೈ ಕೀಲಿ ಒತ್ತಿದಾಗ ಎಡಗೈಯ ಒಂದು ಬೆರಳು ಪಟ್ಟಿಯ ಮೇಲೆ ಚೂರು ಜಾರಿದರೂ ಸ್ವರ ಇಳಿಯುತ್ತದಂತೆ. ಅವರ ತೋರುಬೆರಳು ಅಷ್ಟು ಅಲುಗುತ್ತದೆ. ಅಲುಗದೆ ಹೋದರೆ, ಇದನ್ನೂ ಊದ್ ಪಕ್ಕ ಗೋಡೆಗೆ ಒರಗಿಸಿಬಿಟ್ಟರೆ ಎಂಬ ಅಳುಕು ನನಗಿದ್ದೇ ಇದೆ. ಕೀಲಿಗಳು ಮೆದುವಾಗಿರಲಿ. ಟ್ಯಾಬ್ಲೆಟ್‌ಗೆ ಜೋಡಿಸುವ ತಂತಿ ಮರೆಯಬೇಡ.

ಆ ಪಟ್ಟಿ ಚರ್ಮಕ್ಕಷ್ಟೇ ಓಗೊಡುತ್ತದಂತೆ, ಉಗುರಿಗಲ್ಲ. ಈ ಸಂಜೆ ಅಪ್ಪನ ಎಡಗೈ ಉಗುರುಗಳನ್ನು ನಾನೇ ಕತ್ತರಿಸುತ್ತೇನೆ.

ನಿನ್ನ ತಂಗಿ,
ಇಬ್ತಿಹಾಲ್